ಕೊಬ್ಬರಿಗೆ ಕೇಳುವ ಪ್ರಶ್ನೆಯನ್ನೇ ಇದಕ್ಕೂ ಕೇಳೋಣ

2024ರ ಏಪ್ರಿಲ್ 26ಕ್ಕೆ ನಮ್ಮ ಕಡೆ ಮತದಾನ ಮುಗಿಯಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತುಮಕೂರು ಲೋಕಸಭಾ ಕ್ಷೇತ್ರಕ್ಕೆ ಸೇರಿದವು. ಎಣಿಕೆ ಆದದ್ದು ಜೂನ್ 4ಕ್ಕೆ. ಹಾಸ್ಟೆಲಿನಿಂದ ಊರಿಗೆ ಹೋಗಿ ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದವರೆಲ್ಲ ಬಸ್ಸಿನಲ್ಲಿ ಮಾತಾಡಿದ್ದು ಒಂದೇ ವಿಷಯ: ಕೊಬ್ಬರಿ ರೇಟು.

ನನ್ನ ಜೊತೆ ಪಿಯುಸಿ ಓದಿದ ಒಬ್ಬಳು ಮಾತ್ರ ವೋಟಿಗೆ ಬರಲಿಲ್ಲ. ಫೋನ್ ಮಾಡಿದೆ. “ವೋಟರ್ ಐಡಿಲಿ ಇರೋದು ಹಳೇ ಹೆಸರು, ಹಳೇ ಫೋಟೊ ಕಣೋ. ಬೂತಲ್ಲಿ ಹೆಸರು ಗಟ್ಟಿಯಾಗಿ ಕೂಗ್ತಾರೆ. ಏಜೆಂಟರಾಗಿ ಕೂತಿರೋರೆಲ್ಲ ನಮ್ಮೂರೋರೇ. ಎಲ್ರೂ ತಿರುಗಿ ನೋಡ್ತಾರೆ. ಬೇಡ ಬಿಡು,” ಅಂದಳು. ನಾವು ಓದುವಾಗ ಅವಳು ಹುಡುಗರ ಸಾಲಿನಲ್ಲಿ ಕೂರುತ್ತಿದ್ದಳು. ಈಗ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾಳೆ. ಅವಳ ಒಪ್ಪಿಗೆ ಕೇಳಿಯೇ ಇಷ್ಟನ್ನು ಬರೆದಿದ್ದೇನೆ.

ಅವಳಂಥವರ ಬಗ್ಗೆ ಆ ಸಲ ದೊಡ್ಡ ಪಕ್ಷಗಳ ಪ್ರಣಾಳಿಕೆಗಳಲ್ಲಿ ಸಾಲುಗಳಿದ್ದವು. ಆ ಸಾಲುಗಳನ್ನು ಓದುವುದು ಹೇಗೆ ಅನ್ನೋದೇ ಇವತ್ತಿನ ಪಾಠ. ಯಾರಿಗೆ ವೋಟ್ ಹಾಕಬೇಕಿತ್ತು ಅನ್ನೋ ಚರ್ಚೆ ಅಲ್ಲ, ಅದು ಮುಗಿದ ಕಥೆ. ಗೆದ್ದವರು ಯಾರೇ ಆಗಲಿ, ಅವರ ಹತ್ತಿರ ಏನನ್ನು ಕೇಳಬೇಕು ಅನ್ನೋದು ನಮಗೆ ಗೊತ್ತಿರಬೇಕು.

ನಮಗೆ ಓದೋಕೆ ಬರುತ್ತೆ

“ಕೊಬ್ಬರಿಗೆ ಒಳ್ಳೆ ಬೆಲೆ ಕೊಡಿಸ್ತೀವಿ” ಅಂತ ಅಭ್ಯರ್ಥಿ ಹೇಳಿದರೆ ನಮ್ಮ ಅಪ್ಪ, ಚಿಕ್ಕಪ್ಪ ಚಪ್ಪಾಳೆ ತಟ್ಟುತ್ತಾರಾ? ಇಲ್ಲ. ಪ್ರಶ್ನೆ ಕೇಳುತ್ತಾರೆ. ಬೆಂಬಲ ಬೆಲೆ ಎಷ್ಟು? 2024ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಇತ್ತು. ಅದು ಯಾರದು? ಕೇಂದ್ರದ್ದು. ಆಗ ಮೇಲೆ ಕೊಟ್ಟ 1,500 ಯಾರದು? ರಾಜ್ಯದ್ದು. ಕೊಳ್ಳೋರು ಯಾರು? ನಾಫೆಡ್. ನೋಂದಣಿ ಎಲ್ಲಿ, ಪಹಣಿ ಬೇಕಾ, ಎಕರೆಗೆ ಎಷ್ಟು ಕ್ವಿಂಟಲ್ ಅಂತ ಮಿತಿ, ದುಡ್ಡು ಖಾತೆಗೆ ಯಾವಾಗ ಬೀಳುತ್ತೆ? ಇಷ್ಟಕ್ಕೂ ಉತ್ತರ ಸಿಕ್ಕಿದರೆ ಮಾತ್ರ ಭರವಸೆ. ಇಲ್ಲದಿದ್ದರೆ ಭಾಷಣ.

ನಾವು ಎಂಜಿನಿಯರಿಂಗ್ ಓದುವವರು. ನಕ್ಷೆ ಚೆನ್ನಾಗಿದೆ ಅಂತ ಸೇತುವೆಗೆ ಸಹಿ ಹಾಕಲ್ಲ. ಎಷ್ಟು ಭಾರ ತಡೆಯುತ್ತೆ ಅಂತ ಕೇಳ್ತೀವಿ. ಲೈಂಗಿಕ ಅಲ್ಪಸಂಖ್ಯಾತರ ಹಕ್ಕು, ಆರೋಗ್ಯದ ಬಗೆಗಿನ ಭರವಸೆಗೂ ಅದೇ ಲೆಕ್ಕ ಸಾಕು.

ಪ್ರಣಾಳಿಕೆಗಳಲ್ಲಿ ಏನಿದೆ

ನಮ್ಮ ಕ್ಷೇತ್ರದಲ್ಲಿ ಮುಖ್ಯ ಸ್ಪರ್ಧೆ ಬಿಜೆಪಿಯ ವಿ. ಸೋಮಣ್ಣ ಮತ್ತು ಕಾಂಗ್ರೆಸ್ಸಿನ ಎಸ್.ಪಿ. ಮುದ್ದಹನುಮೇಗೌಡ ಅವರ ನಡುವೆ ಇತ್ತು. ಪಕ್ಷದ ಚಿಹ್ನೆಯ ಮೇಲೆ ನಿಂತವರಿಗೆ ಪಕ್ಷದ ಪ್ರಣಾಳಿಕೆಯೇ ಕೊಟ್ಟ ಮಾತು.

ಬಿಜೆಪಿಯ ಸಂಕಲ್ಪ ಪತ್ರದಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ ಮೂರು ಮಾತುಗಳಿವೆ: ಆಯುಷ್ಮಾನ್ ಭಾರತ್ ವ್ಯಾಪ್ತಿಗೆ ಸೇರಿಸುವುದು, ಗರಿಮಾ ಗೃಹ ಎಂಬ ಆಶ್ರಯ ಮನೆಗಳನ್ನು ಹೆಚ್ಚಿಸುವುದು, ಗುರುತಿನ ಚೀಟಿ ಕೊಡುವುದು. ಕಾಂಗ್ರೆಸ್ಸಿನ ನ್ಯಾಯ ಪತ್ರದಲ್ಲಿ ಎರಡು ಮುಖ್ಯ ಮಾತು: ವ್ಯಾಪಕ ಸಮಾಲೋಚನೆಯ ನಂತರ ಎಲ್‌ಜಿಬಿಟಿಕ್ಯೂ ಜೋಡಿಗಳ ಸಹಜೀವನಕ್ಕೆ ಕಾನೂನಿನ ಮಾನ್ಯತೆ ಕೊಡುವುದು, ಸಂವಿಧಾನದ 15 ಮತ್ತು 16ನೇ ವಿಧಿಗಳ ವ್ಯಾಪ್ತಿ ಹಿಗ್ಗಿಸಿ ಲೈಂಗಿಕ ಒಲವಿನ ಆಧಾರದ ಮೇಲೂ ತಾರತಮ್ಯ ಮಾಡಬಾರದು ಎನ್ನುವುದು.

ಗಮನಿಸಿ, ಎರಡೂ ಬೇರೆ ಬೇರೆ ಜನರ ಬಗ್ಗೆ ಮಾತಾಡುತ್ತಿವೆ. ಟ್ರಾನ್ಸ್‌ಜೆಂಡರ್ ಅಂದರೆ ಹುಟ್ಟಿದಾಗ ಬರೆಸಿದ ಲಿಂಗಕ್ಕೂ ತನ್ನ ಅರಿವಿಗೆ ಬಂದ ಲಿಂಗಕ್ಕೂ ಹೊಂದಿಕೆ ಇಲ್ಲದವರು. ಸಲಿಂಗ ಪ್ರೇಮಿಗಳ ವಿಷಯ ಬೇರೆ. ಅಲ್ಲಿ ಪ್ರಶ್ನೆ ಯಾರ ಮೇಲೆ ಪ್ರೀತಿ ಅನ್ನೋದು. ಒಂದು ಪಕ್ಷದ ಪಟ್ಟಿಯಲ್ಲಿ ಕಾರ್ಡು, ವಿಮೆ, ಆಶ್ರಯ. ಇನ್ನೊಂದರದ್ದರಲ್ಲಿ ಕಾನೂನು, ಸಂವಿಧಾನ. ಈಗ ಐದು ಪ್ರಶ್ನೆ ಹಾಕೋಣ.

1. ಇದು ಯಾರ ಕೈಲಿದೆ?

ಸಂವಿಧಾನದ ಏಳನೇ ಅನುಸೂಚಿ ಅಧಿಕಾರವನ್ನು ಹಂಚಿಟ್ಟಿದೆ. ಸಾರ್ವಜನಿಕ ಆರೋಗ್ಯ, ಆಸ್ಪತ್ರೆ, ಪೊಲೀಸ್ ರಾಜ್ಯದ ಪಟ್ಟಿಯಲ್ಲಿವೆ. ಮದುವೆ, ದತ್ತು ಎರಡಕ್ಕೂ ಸೇರಿದ ಸಮವರ್ತಿ ಪಟ್ಟಿಯಲ್ಲಿವೆ. ಹಾಗಾಗಿ ತಿಪಟೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಟ್ರಾನ್ಸ್‌ಜೆಂಡರ್ ರೋಗಿಯನ್ನು ಯಾವ ವಾರ್ಡಿನಲ್ಲಿ ಮಲಗಿಸಬೇಕು ಅನ್ನೋದನ್ನು ಸಂಸದರನ್ನು ಕೇಳಿ ಪ್ರಯೋಜನವಿಲ್ಲ. ಅದು ನಮ್ಮ ಶಾಸಕರನ್ನು, ರಾಜ್ಯದ ಆರೋಗ್ಯ ಇಲಾಖೆಯನ್ನು ಕೇಳಬೇಕಾದ್ದು. 15, 16ನೇ ವಿಧಿಯ ತಿದ್ದುಪಡಿ ಸಂಸತ್ತಿನ ಕೆಲಸ. ಅದಕ್ಕೆ ಎರಡೂ ಸದನಗಳಲ್ಲಿ ಒಟ್ಟು ಸದಸ್ಯರ ಅರ್ಧಕ್ಕಿಂತ ಹೆಚ್ಚು ಮತ್ತು ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಒಪ್ಪಿಗೆ ಬೇಕು. ಸಣ್ಣ ಮಾತಲ್ಲ.

ಅಮೆರಿಕದ ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತೆ. 2020ರ ಚುನಾವಣೆಯಲ್ಲಿ ಜೋ ಬೈಡನ್ ಈಕ್ವಾಲಿಟಿ ಆಕ್ಟ್ ಎಂಬ ತಾರತಮ್ಯ ವಿರೋಧಿ ಕಾನೂನನ್ನು ಮೊದಲ 100 ದಿನಗಳಲ್ಲಿ ತರುವುದಾಗಿ ಹೇಳಿದ್ದರು. ಅದು 2021ರ ಫೆಬ್ರವರಿಯಲ್ಲಿ ಕೆಳಮನೆ ದಾಟಿತು, ಸೆನೆಟ್ಟಿನಲ್ಲಿ ನಿಂತುಹೋಯಿತು. ಆದರೆ ಸೇನೆಯಲ್ಲಿ ಟ್ರಾನ್ಸ್‌ಜೆಂಡರ್‌ಗಳ ಮೇಲಿದ್ದ ನಿರ್ಬಂಧವನ್ನು ಅಧಿಕಾರಕ್ಕೆ ಬಂದ ಐದೇ ದಿನಕ್ಕೆ ತೆಗೆದುಹಾಕಿದರು. ಅದಕ್ಕೆ ಅಧ್ಯಕ್ಷರ ಒಂದು ಸಹಿ ಸಾಕಿತ್ತು. ಮನುಷ್ಯ ಒಬ್ಬನೇ, ಭರವಸೆಯೂ ಒಂದೇ ಪಟ್ಟಿಯದು. ಯಾವುದು ತನ್ನ ಕೈಲಿತ್ತೋ ಅದು ಆಯಿತು.

2. ಹೊಸದೋ, ಹಳೇದಕ್ಕೆ ಬಣ್ಣವೋ?

ಈಗಾಗಲೇ ಏನಿದೆ ಅಂತ ಗೊತ್ತಿಲ್ಲದಿದ್ದರೆ ಇದನ್ನು ಹೇಳೋಕಾಗಲ್ಲ. ಸ್ವಲ್ಪ ಹಿಂದಕ್ಕೆ ಹೋಗೋಣ.

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ನಾಲ್ಸಾ ಪ್ರಕರಣದಲ್ಲಿ, ತನ್ನ ಲಿಂಗ ಯಾವುದೆಂದು ಹೇಳುವ ಹಕ್ಕು ವ್ಯಕ್ತಿಗೇ ಸೇರಿದ್ದು ಎಂದಿತು. 2018ರ ಸೆಪ್ಟೆಂಬರ್ 6ರಂದು, ಒಪ್ಪಿಗೆಯಿಂದ ಕೂಡುವ ವಯಸ್ಕರ ಸಂಬಂಧಕ್ಕೆ ದಂಡ ಸಂಹಿತೆಯ 377ನೇ ಸೆಕ್ಷನ್ ಅನ್ವಯಿಸದು ಎಂದಿತು. 2019ರಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣಾ ಕಾಯ್ದೆ ಬಂತು, 2020ರಲ್ಲಿ ಅದರ ನಿಯಮಗಳು. 2023ರ ಅಕ್ಟೋಬರ್ 17ರಂದು ಸಲಿಂಗ ಮದುವೆಯ ಪ್ರಕರಣದಲ್ಲಿ ಕೋರ್ಟ್ ಆ ಹಕ್ಕನ್ನು ಕೊಡಲಿಲ್ಲ. ಅದು ಶಾಸಕಾಂಗದ ಕೆಲಸ ಎಂದಿತು. ಈ ಜೋಡಿಗಳ ದಿನನಿತ್ಯದ ತೊಂದರೆಗಳನ್ನು ನೋಡಲು ಕೇಂದ್ರ ಸಂಪುಟ ಕಾರ್ಯದರ್ಶಿಯ ನೇತೃತ್ವದ ಸಮಿತಿ 2024ರ ಏಪ್ರಿಲ್‌ನಲ್ಲಿ ರಚನೆಯಾಯಿತು.

ಕರ್ನಾಟಕ ಈ ದಾರಿಯಲ್ಲಿ ಎಡವಿದ್ದೂ ಉಂಟು, ಮುಂದೆ ನಡೆದದ್ದೂ ಉಂಟು. 2011ರಲ್ಲಿ ಪೊಲೀಸ್ ಕಾಯ್ದೆಗೆ 36ಎ ಸೇರಿಸಿ ಹಿಜಡಾ ಸಮುದಾಯದವರ ಹೆಸರು, ವಿಳಾಸ ದಾಖಲಿಸಿ ನಿಗಾ ಇಡಲು ಅವಕಾಶ ಮಾಡಿತು. ಅದು ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ ಸಮುದಾಯವನ್ನು ಸೂಚಿಸುವ ಪದವನ್ನು ತೆಗೆಯಬೇಕಾಯಿತು. 2017ರಲ್ಲಿ ರಾಜ್ಯ ಟ್ರಾನ್ಸ್‌ಜೆಂಡರ್ ನೀತಿ ಬಂತು. 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇ. 1 ಮೀಸಲಾತಿ ಕೊಟ್ಟಾಗ ನಮ್ಮದೇ ದೇಶದಲ್ಲಿ ಮೊದಲ ರಾಜ್ಯ. ಅದೇ ವರ್ಷ ಮಂಜಮ್ಮ ಜೋಗತಿ ಅವರಿಗೆ ಪದ್ಮಶ್ರೀ ಸಂದಿತು. ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರೂ ಆಗಿದ್ದವರು.

ಈಗ ಪ್ರಣಾಳಿಕೆಗೆ ಬನ್ನಿ. “ಆಯುಷ್ಮಾನ್ ವ್ಯಾಪ್ತಿಗೆ ಸೇರಿಸುತ್ತೇವೆ” ಎಂಬ ಮಾತು ಹೊಸದೇ? 2022ರ ಆಗಸ್ಟ್‌ನಲ್ಲೇ ಆಯುಷ್ಮಾನ್ ಭಾರತ್ ಟಿಜಿ ಪ್ಲಸ್ ಎಂಬ ಒಪ್ಪಂದಕ್ಕೆ ಕೇಂದ್ರದ ಎರಡು ಸಂಸ್ಥೆಗಳು ಸಹಿ ಹಾಕಿದ್ದವು: ವರ್ಷಕ್ಕೆ 5 ಲಕ್ಷ ರೂಪಾಯಿ ವಿಮೆ, ಲಿಂಗ ಹೊಂದಾಣಿಕೆ ಶಸ್ತ್ರಚಿಕಿತ್ಸೆಯೂ ಸೇರಿ. ಗುರುತಿನ ಚೀಟಿ 2019ರ ಕಾಯ್ದೆಯಲ್ಲೇ ಇದೆ. ಹಾಗಂತ ಈ ಭರವಸೆ ಸುಳ್ಳು ಅಂತಲ್ಲ. ಕೇಳಬೇಕಾದ ಪ್ರಶ್ನೆ ಬದಲಾಗುತ್ತೆ, ಅಷ್ಟೆ: “ಕೊಡ್ತೀರಾ?” ಅನ್ನೋದು ಬಿಟ್ಟು “ಘೋಷಣೆ ಆದದ್ದು ನಮ್ಮ ಜಿಲ್ಲೆಯಲ್ಲಿ ಎಷ್ಟು ಜನಕ್ಕೆ ತಲುಪಿದೆ?” ಅಂತ ಕೇಳಬೇಕು.

ಸಹಜೀವನದ ಕಾನೂನು ನಿಜಕ್ಕೂ ಹೊಸದು. ಆದರೆ “ವ್ಯಾಪಕ ಸಮಾಲೋಚನೆಯ ನಂತರ” ಎನ್ನುವಲ್ಲಿ ದಿನಾಂಕ ಇಲ್ಲ. ಇದು “ಕೊಬ್ಬರಿ ಖರೀದಿ ಕೇಂದ್ರ ಶೀಘ್ರದಲ್ಲೇ” ಅನ್ನೋ ಬೋರ್ಡಿನ ಹಾಗೆ. ಶೀಘ್ರ ಅಂದ್ರೆ ಯಾವಾಗ, ಸ್ವಾಮಿ?

3. ಯಾವ ಕಾಗದ, ಯಾವ ಕಚೇರಿ?

ಒಂದು ಊಹೆಯ ಉದಾಹರಣೆ ಇಟ್ಕೊಳ್ಳಿ. ತುರುವೇಕೆರೆ ತಾಲ್ಲೂಕಿನ ಒಂದು ಹಳ್ಳಿ, ಹತ್ತೊಂಬತ್ತು ವರ್ಷ, ಟ್ರಾನ್ಸ್‌ಜೆಂಡರ್ ಹುಡುಗಿ. ಆರೋಗ್ಯ ವಿಮೆ ಬೇಕು.

ಕಾಯ್ದೆ ಪ್ರಕಾರ ಗುರುತಿನ ಪ್ರಮಾಣಪತ್ರ ಕೊಡುವವರು ಜಿಲ್ಲಾ ಮ್ಯಾಜಿಸ್ಟ್ರೇಟ್, ಅಂದರೆ ತುಮಕೂರಿನ ಜಿಲ್ಲಾಧಿಕಾರಿ. ಅರ್ಜಿಯನ್ನು ಆನ್‌ಲೈನ್‌ನಲ್ಲಿ ಹಾಕಬಹುದು. ಜೊತೆಗೆ ಅಫಿಡವಿಟ್ ಬೇಕು. 2020ರ ನಿಯಮಗಳ ಪ್ರಕಾರ ಟ್ರಾನ್ಸ್‌ಜೆಂಡರ್ ಎಂಬ ಈ ಮೊದಲ ಪ್ರಮಾಣಪತ್ರಕ್ಕೆ ವೈದ್ಯಕೀಯ ತಪಾಸಣೆ ಬೇಕಿಲ್ಲ. ನಿಯಮದಲ್ಲಿ 30 ದಿನದ ಗಡುವಿದೆ. ಗಂಡು ಅಥವಾ ಹೆಣ್ಣು ಎಂದು ಬರೆಸಬೇಕಾದರೆ ಮಾತ್ರ ಶಸ್ತ್ರಚಿಕಿತ್ಸೆಯ ದಾಖಲೆ ಕೇಳುತ್ತಾರೆ. ನಾಲ್ಸಾ ತೀರ್ಪು ಕೊಟ್ಟ ಹಕ್ಕನ್ನು ಇದು ಮೊಟಕು ಮಾಡುತ್ತದೆ ಎಂದು ಸಮುದಾಯದವರು ಆಗಿನಿಂದಲೂ ಹೇಳುತ್ತಿದ್ದಾರೆ.

ಕಾಗದದಲ್ಲಿ ಸುಲಭ. ಆದರೆ ಅವಳ ಕೈಲಿ ಏನಿದೆ? ಆಧಾರ್ ಮನೆಯ ಬೀರುವಿನಲ್ಲಿ. ರೇಷನ್ ಕಾರ್ಡು ಅಮ್ಮನ ಹೆಸರಿನಲ್ಲಿ, ಇವಳ ಹಳೇ ಹೆಸರು ಅದರೊಳಗೆ. ನಮ್ಮ ರಾಜ್ಯದಲ್ಲಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ವಿಮೆ ನಿಂತಿರುವುದೇ ರೇಷನ್ ಕಾರ್ಡಿನ ಮೇಲೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಕುಟುಂಬ ಹೊರಗೆ ಹಾಕಿದವರಿಗೆ ಕುಟುಂಬದ ವಿಮೆ ಎಲ್ಲಿಂದ ಬರಬೇಕು? ಟ್ರಾನ್ಸ್‌ಜೆಂಡರ್ ಅನ್ನೋ ಕಾರಣಕ್ಕೆ ಮನೆಯಿಂದ ಹೊರಹಾಕುವಂತಿಲ್ಲ ಎಂದು 2019ರ ಕಾಯ್ದೆ ಹೇಳುತ್ತದೆ. ಆ ಸಾಲು ನಮ್ಮೂರ ಜಗುಲಿಗೆ ಇನ್ನೂ ಬಂದಿಲ್ಲ.

ತಿಪಟೂರಿನಿಂದ ತುಮಕೂರು ಸುಮಾರು 75 ಕಿಲೋಮೀಟರ್. ಆದರೆ ನಮ್ಮ ಮೂರೂ ತಾಲ್ಲೂಕಿಗೆ ತಿಪಟೂರಿನಲ್ಲೇ ಉಪವಿಭಾಗಾಧಿಕಾರಿ ಕಚೇರಿ ಇದೆ. ಜಿಲ್ಲಾಧಿಕಾರಿಯ ಸಹಿ ತುಮಕೂರಿನಲ್ಲೇ ಆಗಲಿ; ಅರ್ಜಿ ತುಂಬಲು, ಅಫಿಡವಿಟ್ ಮಾಡಿಸಲು, ರೇಷನ್ ಕಾರ್ಡು ಬೇರೆ ಮಾಡಿಸಲು ತಿಂಗಳಿಗೊಂದು ದಿನ ತಿಪಟೂರಿನಲ್ಲಿ ಶಿಬಿರ ಮಾಡಬಹುದಲ್ಲ? ಇದಕ್ಕೆ ಸಂವಿಧಾನ ತಿದ್ದಬೇಕಿಲ್ಲ.

ಕಚೇರಿಯೇ ಬೇಡದ ಯೋಜನೆ ಹೇಗೆ ಕೆಲಸ ಮಾಡುತ್ತೆ ಅಂತ ನೋಡಬೇಕಾದರೆ ಶಕ್ತಿ ಯೋಜನೆ ನೋಡಿ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರ ಜೊತೆಗೆ ಟ್ರಾನ್ಸ್‌ಜೆಂಡರ್‌ಗಳಿಗೂ ಉಚಿತ ಪ್ರಯಾಣ. ಇಡೀ ಯೋಜನೆ ನಡೆಯೋದು ಕಂಡಕ್ಟರ್ ಹತ್ತಿರ. ಅಲ್ಲೂ ಗುರುತಿನ ಚೀಟಿ ತೋರಿಸಬೇಕು ಅನ್ನೋದು ಬೇರೆ ಮಾತು.

4. ದುಡ್ಡೆಷ್ಟು?

ಮೈತ್ರಿ ಯೋಜನೆಯಲ್ಲಿ ರಾಜ್ಯ ಸರ್ಕಾರ ಟ್ರಾನ್ಸ್‌ಜೆಂಡರ್‌ಗಳಿಗೆ ಕೊಡುತ್ತಿದ್ದ ಮಾಸಾಶನ 2023ರಲ್ಲಿ 800 ರೂಪಾಯಿ ಇತ್ತು. ದಿನಕ್ಕೆ 27 ರೂಪಾಯಿಯೂ ಆಗುತ್ತಿರಲಿಲ್ಲ. ನಮ್ಮ ತೋಟದ ಎಳನೀರನ್ನು ಬೆಂಗಳೂರಲ್ಲಿ ಕುಡಿಯೋಕೂ ಸಾಲುತ್ತಿರಲಿಲ್ಲ.

ಒಂದು ಲೆಕ್ಕ ಮಾಡಿ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಗಂಡು, ಹೆಣ್ಣು ಎರಡೂ ಅಲ್ಲದೆ ‘ಇತರೆ’ ಎಂದು ಬರೆಸಿದವರು 20,266. ಚಿಕ್ಕ ಮಕ್ಕಳನ್ನೂ ಸೇರಿಸಿ ಇಷ್ಟೂ ಜನಕ್ಕೆ ತಿಂಗಳಿಗೆ 800ರಂತೆ ಕೊಟ್ಟರೆ ವರ್ಷಕ್ಕೆ ಸುಮಾರು 19.5 ಕೋಟಿ. 2024-25ರ ರಾಜ್ಯ ಬಜೆಟ್ 3.71 ಲಕ್ಷ ಕೋಟಿ. ಭಾಗಿಸಿ ನೋಡಿ: ಲಕ್ಷ ರೂಪಾಯಿಗೆ ಐದೂಕಾಲು ರೂಪಾಯಿ. ಇನ್ನು ‘ಇತರೆ’ ಎಂದು ಬರೆಸಲು ಧೈರ್ಯ ಬಾರದವರೂ ಇದ್ದಾರೆ. ಸಲಿಂಗ ಪ್ರೇಮಿಗಳನ್ನು ಯಾರೂ ಎಣಿಸಿಯೇ ಇಲ್ಲ. ಸಂಖ್ಯೆಯನ್ನು ಐದು ಪಟ್ಟು ಮಾಡಿದರೂ ಲಕ್ಷಕ್ಕೆ ಇಪ್ಪತ್ತೇಳು ರೂಪಾಯಿ ದಾಟಲ್ಲ. “ದುಡ್ಡಿಲ್ಲ” ಅಂತ ಯಾರಾದರೂ ಹೇಳಿದರೆ ಈ ಭಾಗಾಕಾರ ತೋರಿಸಿ.

5. ಗುಟ್ಟು ಉಳಿಯುತ್ತಾ?

ಮಹಾನಗರದಲ್ಲಿ ಬರೆದ ಪ್ರಣಾಳಿಕೆಗಳು ಮರೆಯುವ ಪ್ರಶ್ನೆ ಇದು. ನಮ್ಮ ಕಡೆಯವರಿಗೆ ಮೊದಲು ಬರುವ ಪ್ರಶ್ನೆಯೂ ಇದೇ. ಬೆಂಗಳೂರಿನಲ್ಲಿ ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಯಾರಿಗೂ ಯಾರೂ ಗೊತ್ತಿಲ್ಲ. ಚಿಕ್ಕನಾಯಕನಹಳ್ಳಿಯಲ್ಲಿ? ಚೀಟಿ ಬರೆಯೋರು ಅತ್ತೆ ಮಗಳ ಗಂಡ. ಔಷಧಿ ಅಂಗಡಿಯವರು ಅಪ್ಪನ ಸ್ನೇಹಿತರು. ಸಂಜೆಯೊಳಗೆ ವಿಷಯ ಮನೆ ಸೇರಿರುತ್ತೆ. ಉಚಿತ ಚಿಕಿತ್ಸೆ ಇದ್ದೂ ಹೋಗದೇ ಇರೋದು ಇದಕ್ಕೇ.

ಕಾನೂನು ಇಲ್ಲ ಅಂತಲ್ಲ. 2017ರ ಆಗಸ್ಟ್ 24ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕು, ಲೈಂಗಿಕ ಒಲವೂ ಅದರ ಭಾಗ ಎಂದಿತು. ಆ ಅರ್ಜಿ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2017ರ ಎಚ್‌ಐವಿ ಕಾಯ್ದೆ ರೋಗಿಯ ಒಪ್ಪಿಗೆ ಇಲ್ಲದೆ ವಿಷಯ ಹೊರಬಿಡಬಾರದು ಎನ್ನುತ್ತದೆ. ಇವನ್ನು ತಾಲ್ಲೂಕು ಆಸ್ಪತ್ರೆಯ ಕೌಂಟರಿನವರೆಗೆ ತರುವ ತರಬೇತಿಯ ಬಗ್ಗೆ ಅಭ್ಯರ್ಥಿ ಮಾತಾಡಿದರೆ, ಆತನಿಗೆ ಹಳ್ಳಿ ಗೊತ್ತು ಅಂತ ಅರ್ಥ.

ಆರೋಗ್ಯ ಅಂದರೆ ಶಸ್ತ್ರಚಿಕಿತ್ಸೆ ಮಾತ್ರವಲ್ಲ

ಸಲಿಂಗ ಪ್ರೀತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ಪಟ್ಟಿಯಿಂದ ತೆಗೆದದ್ದು 1990ರಲ್ಲಿ. ಟ್ರಾನ್ಸ್‌ಜೆಂಡರ್ ಆಗಿರುವುದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗಿಟ್ಟ ಹೊಸ ಪಟ್ಟಿ 2022ರಲ್ಲಿ ಜಾರಿಗೆ ಬಂತು. ಆದರೂ “ಡಾಕ್ಟರ್ ಹತ್ರ ತೋರಿಸಿ, ಇಲ್ಲಾಂದ್ರೆ ಮದುವೆ ಮಾಡಿ, ಸರಿಹೋಗ್ತಾನೆ” ಅನ್ನೋ ಸಲಹೆ ನಮ್ಮ ಕಡೆ ಈಗಲೂ ಪುಕ್ಕಟೆ ಸಿಗುತ್ತೆ. ಅಂಥ ಮದುವೆಯಲ್ಲಿ ಇಬ್ಬರ ಬದುಕು ಹಾಳಾಗುತ್ತೆ. ಆ ಇನ್ನೊಬ್ಬಳು ಹುಡುಗಿಯನ್ನು ಯಾರೂ ನೆನೆಯೋದಿಲ್ಲ.

ಹೀಗೆ “ಬದಲಾಯಿಸುವ” ಚಿಕಿತ್ಸೆ ಕೊಡುವುದು ವೃತ್ತಿಗೆಟ್ಟ ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ಬರೆಯಿತು. ಅದಕ್ಕೆ ಕಾರಣ ಮದ್ರಾಸ್ ಹೈಕೋರ್ಟಿನ ಆದೇಶ. 2017ರ ಮಾನಸಿಕ ಆರೋಗ್ಯ ಕಾಯ್ದೆ ಲೈಂಗಿಕ ಒಲವಿನ ಕಾರಣಕ್ಕೆ ಚಿಕಿತ್ಸೆಯಲ್ಲಿ ತಾರತಮ್ಯ ಮಾಡಬಾರದು ಎನ್ನುತ್ತದೆ. ಹಾಗಾಗಿ ನಮ್ಮ ಸಂಸದರಿಗೂ ಶಾಸಕರಿಗೂ ಕೇಳಬಹುದಾದ ನೇರ ಪ್ರಶ್ನೆ: ಈ ಸುತ್ತೋಲೆ ನಮ್ಮ ತಾಲ್ಲೂಕಿನ ವೈದ್ಯರಿಗೆ ತಲುಪಿದೆಯೇ?

ಸಹಜೀವನದ ಕಾನೂನಿಗೂ ಆರೋಗ್ಯಕ್ಕೂ ಏನು ಸಂಬಂಧ ಅಂತ ಕೇಳಬಹುದು. ಇಪ್ಪತ್ತು ವರ್ಷ ಜೊತೆಗಿದ್ದವರಲ್ಲಿ ಒಬ್ಬರು ಅಪಘಾತವಾಗಿ ಬಿದ್ದರೆ, ಆಪರೇಷನ್ ಫಾರಂಗೆ ಸಹಿ ಹಾಕಲು ಆಸ್ಪತ್ರೆ ಕರೆಯೋದು “ರಕ್ತಸಂಬಂಧಿ”ಯನ್ನು. ಇಪ್ಪತ್ತು ವರ್ಷ ಮಾತಾಡಿಸದ ಅಣ್ಣ ಬರುವವರೆಗೆ ಕಾಯಬೇಕು. ಹಕ್ಕು, ಆರೋಗ್ಯ ಎರಡು ಬೇರೆ ಅಧ್ಯಾಯ ಅಂತ ಓದೋದು ಇಲ್ಲೇ ತಪ್ಪುತ್ತೆ.

ಇನ್ನೊಂದು ಯಾವ ದೊಡ್ಡ ಸಭೆಯಲ್ಲೂ ಕೇಳಿಬರದ ವಿಷಯ. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ 377 ಇಲ್ಲವೇ ಇಲ್ಲ. 2018ರ ತೀರ್ಪಿನ ನಂತರ ಆ ಸೆಕ್ಷನ್ ಉಳಿದಿದ್ದು ಒಪ್ಪಿಗೆ ಇಲ್ಲದ ಕೃತ್ಯಗಳಿಗೆ. ಹಾಗಾದರೆ ಒಬ್ಬ ವಯಸ್ಕ ಗಂಡಸಿನ ಮೇಲೆ ಅತ್ಯಾಚಾರವಾದರೆ ಯಾವ ಸೆಕ್ಷನ್? ಅತ್ಯಾಚಾರದ ಸೆಕ್ಷನ್ ಹೆಣ್ಣನ್ನಷ್ಟೇ ಹೆಸರಿಸುತ್ತದೆ. ಟ್ರಾನ್ಸ್‌ಜೆಂಡರ್ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದವರಿಗೆ 2019ರ ಕಾಯ್ದೆಯಲ್ಲಿ ಗರಿಷ್ಠ ಶಿಕ್ಷೆ 2 ವರ್ಷ. ಹೆಣ್ಣಿನ ಮೇಲಿನ ಅತ್ಯಾಚಾರಕ್ಕೆ ಕನಿಷ್ಠವೇ 10 ವರ್ಷ. ಇದು ಪೂರ್ತಿ ಸಂಸತ್ತಿನ ಕೈಲಿರುವ ಕೆಲಸ. ಗೆದ್ದ ಸಂಸದರಿಗೆ ಬರೆಯುವ ಮೊದಲ ಪತ್ರಕ್ಕೆ ಇದಕ್ಕಿಂತ ಒಳ್ಳೆ ವಿಷಯ ಬೇಕಾ?

ಅಭ್ಯಾಸ

ಅ) ನಿಮ್ಮ ಕ್ಷೇತ್ರದ ಒಂದು ಪ್ರಣಾಳಿಕೆ ತೆಗೆದುಕೊಂಡು, ಈ ವಿಷಯದ ಒಂದು ಸಾಲಿಗೆ ಐದೂ ಪ್ರಶ್ನೆ ಹಾಕಿ. ಎಷ್ಟಕ್ಕೆ ಉತ್ತರ ಸಿಕ್ಕಿತು?

ಆ) ನಮ್ಮ ಕಾಲೇಜಿನ ಪ್ರವೇಶ ಅರ್ಜಿ, ಹಾಸ್ಟೆಲ್ ಅರ್ಜಿ ನೋಡಿ. ಲಿಂಗದ ಕಾಲಂನಲ್ಲಿ ಎಷ್ಟು ಆಯ್ಕೆ ಇದೆ? ಹೆಸರು ಬದಲಿಸಿಕೊಂಡವರ ಅಂಕಪಟ್ಟಿಗೆ ಏನು ವ್ಯವಸ್ಥೆ?

ಇ) 14416 ಟೆಲಿ ಮಾನಸ್ ಸಹಾಯವಾಣಿ. ಉಚಿತ, ಕನ್ನಡದಲ್ಲೂ ಮಾತಾಡಬಹುದು. ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಇದು ಅಭ್ಯಾಸ ಅಲ್ಲ, ಆದರೂ ಮಾಡಿ.

ಚುನಾವಣೆಯಲ್ಲಿ ಯಾರೋ ಒಬ್ಬರು ಗೆಲ್ತಾರೆ, ತಿಪಟೂರಿನಲ್ಲಿ ಪಟಾಕಿ ಹೊಡೀತಾರೆ. ಅವರು ಒಳ್ಳೇದು ಮಾಡಿದರೋ ಇಲ್ಲವೋ ಅಂತ ಅಳೆಯೋಕೆ ನನ್ನ ಹತ್ತಿರ ಒಂದೇ ಅಳತೆಗೋಲಿದೆ. ಮುಂದಿನ ಚುನಾವಣೆಯಲ್ಲಿ ನಮ್ಮೂರ ಶಾಲೆಯ ಬೂತಿನಲ್ಲಿ ಪೋಲಿಂಗ್ ಆಫೀಸರ್ ಗಟ್ಟಿಯಾಗಿ ಒಂದು ಹೆಸರು ಕೂಗಬೇಕು. ಅದು ಅವಳ ಈಗಿನ ಹೆಸರಾಗಿರಬೇಕು. ಏಜೆಂಟರು ಪಟ್ಟಿಯಲ್ಲಿ ಗೆರೆ ಎಳೆದು, “ಮುಂದೆ” ಅನ್ನಬೇಕು. ಅಷ್ಟೇ.